ಹೂಟೆ ಬಿಡೋ ಹೊತ್ತು

ಹದಿನಾಲ್ಕು ವರ್ಷ ನಾವು ಮಾತಾಡಿದ್ದು ಬರೀ ಅಂಕಿಯಲ್ಲಿ.
ಅವನ ಕಾರ್ಡಿನಲ್ಲಿ ೫೨೫೪, ನನ್ನದರಲ್ಲಿ ೫೭೫೫.
ಭದ್ರಾವತಿಯ ಹಳೇ ಕ್ವಾರ್ಟರ್ಸಿನಿಂದ
ಲಾಟ್ವಿಯಾದ ಒಂದು ಊರಿಗೆ. ಆ ಊರಿನ ಹೆಸರು
ಕೈಗೆ ಅಭ್ಯಾಸವಾಯಿತೇ ಹೊರತು ನಾಲಿಗೆಗೆ ಸಿಕ್ಕಲಿಲ್ಲ.
ಒಂದು ನಡೆ ಹೋಗಿ ಮುಟ್ಟಲು ನಲವತ್ತು ದಿನ.
ಪಾಳಿ ಮುಗಿದು, ಕೂಗು ಹೊಡೆದ ಮೇಲೆ,
ಉಗುರಿನ ಕಪ್ಪು ತಿಕ್ಕಿ ತೊಳೆದುಕೊಂಡು
ಆನೆಯನ್ನೋ ಒಂಟೆಯನ್ನೋ ಸರಿಸುತ್ತಿದ್ದೆ.

ಕಾರ್ಡಿನ ಮೇಲೆ ಯಾರದೋ ನೇರಳೆ ಮುದ್ರೆ,
ಓದಿದ್ದೇವೆ, ಹೋಗಬಹುದು ಎಂಬಂತೆ.
ಅಂಕಿಯಲ್ಲಿ ಏನು ಓದಿಕೊಂಡರೋ ಪಾಪ.

ಎಂಬತ್ತೇಳರ ಮಾಗಿಯಲ್ಲಿ ಬಂದ ಕಾರ್ಡಿನಲ್ಲಿ
ನಡೆಯ ಕೆಳಗೆ, ಪೆನ್ಸಿಲಿನಲ್ಲಿ, ಒಂದೇ ಪದ.
ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಸ್ವ-ಬ-ದ್-ಸ್.
ಸ್ವಬದ್ಧ ಅಂದುಕೊಂಡೆ.
ತನ್ನನ್ನು ತಾನೇ ಕಟ್ಟಿಕೊಂಡವನು.
ಅವನ ರಾಜನೂ ಆಗ ಮೂಲೆಯಲ್ಲಿ
ತನ್ನವೇ ಮೂರು ಕಾಲಾಳುಗಳ ಹಿಂದೆ ಉಸಿರು ಕಟ್ಟಿ ನಿಂತಿದ್ದ.
ಅರ್ಥ ಸರಿಯಾಗಿಯೇ ಕೂತಿತು.
ಎಲಾ ಅರ್ವಿಡ್ಸ್, ನಿನಗೆಲ್ಲಿಂದ ಬಂತೋ ಸಂಸ್ಕೃತ!

ನಾಲ್ಕು ವರ್ಷದ ಮೇಲೆ ಅಂಚೆಚೀಟಿ ಬದಲಾಯಿತು.
ನೇರಳೆ ಮುದ್ರೆ ಇಲ್ಲ. ಮೊದಲ ಸಲ ಲಕೋಟೆ,
ಹರಕುಮುರುಕು ಇಂಗ್ಲಿಷು:
"ಅದು ನಮ್ಮಜ್ಜಿಯ ಮಾತು. ಸ್ವಾತಂತ್ರ್ಯಕ್ಕೆ ಹಳೆಯ ಹೆಸರು.
ಈಗಿನ ಪದ ಬರೆದಿದ್ದರೆ ಕಾರ್ಡು ನಿನ್ನ ಮುಟ್ಟುತ್ತಿರಲಿಲ್ಲ.
ಅಜ್ಜಿ ಅದನ್ನು ಆಡುತ್ತಿದ್ದದ್ದು ಸಂಜೆ,
ಬಂಡಿಯ ಕುದುರೆಗೆ ಪಟ್ಟಿ ಬಿಚ್ಚುವಾಗ.
ಈಗ ಹೊಸ ಪದ ಗೋಡೆಗೋಡೆಯ ಮೇಲೂ ಇದೆ.
ಇದನ್ನು ಕೇಳುವವರಿಲ್ಲ. ನೀನು ಇಟ್ಟುಕೋ.
ನಿನ್ನ ಕುದುರೆಯನ್ನು ಹೊಡೆದಿದ್ದೇನೆ, ನೋಡಿಕೋ."

ಇಟ್ಟುಕೊಳ್ಳಲು ಜಾಗ ಹುಡುಕುವಾಗ ಸಿಕ್ಕವಳು ಗುತ್ಯಮ್ಮ,
ನಮ್ಮಪ್ಪನ ಅವ್ವ.
ಹೊಸನಗರದ ಕಡೆ ಒಬ್ಬರ ಕೊಟ್ಟಿಗೆಯಲ್ಲಿ
ಗಂಡ ಮಾಡಿದ ಅರವತ್ತು ರೂಪಾಯಿಗೆ
ಇಪ್ಪತ್ತಾರು ವರ್ಷ ಜೀತ.
ಎಪ್ಪತ್ತಾರರಲ್ಲಿ ಶಾಲೆಯ ಜಗಲಿಗೆ ಕರೆಸಿ
ಕಾಗದ ಓದಿದರು: ಸದರಿ, ಮೇಲ್ಕಂಡ, ವಿಮುಕ್ತಿ, ಬಿಡುಗಡೆ ಪತ್ರ.
ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡು, ಒತ್ತದೆ, ಕೇಳಿದಳು:
"ಅಂದ್ರೆ, ಹೂಟೆ ಬಿಟ್ಟಂಗೇನ್ರೀ?"
ಗುಮಾಸ್ತ ನಕ್ಕ. ಅವಳು ನಗಲಿಲ್ಲ.

ಹೂಟೆ ಬಿಟ್ಟ ಎತ್ತು ಓಡುವುದಿಲ್ಲ, ನೀವು ನೋಡಿರಬೇಕು.
ನಿಂತಲ್ಲೇ ನಿಂತು
ನೊಗ ಕೂರುವ ಕಡೆ ಒಮ್ಮೆ ಚರ್ಮ ನಡುಗಿಸುತ್ತದೆ.
ಅವಳೂ ಜಗಲಿ ಇಳಿದು ಹಂಗೇ ನಿಂತಿದ್ದಳು
ನನ್ನ ಕೈ ಹಿಡಿದುಕೊಂಡು. ಅವಳ ಹೆಬ್ಬೆಟ್ಟಿನ ನೀಲಿ
ನನ್ನ ಅಂಗೈಗೆ ಹತ್ತಿತ್ತು.

ಮರುಕಾರ್ಡಿನಲ್ಲಿ ನಡೆಯ ಕೆಳಗೆ ಬರೆದೆ: ಹೂಟೆ.
ಅರ್ಥ ಬರೆಯಲಿಲ್ಲ.
ಅವನೂ ನಾಲ್ಕು ವರ್ಷ ತಪ್ಪು ಓದಲಿ.

ಆಮೇಲೆ ಕಾರ್ಖಾನೆ ನನಗೂ ಒಂದು ಕಾಗದ ಕೊಟ್ಟಿತು,
ಸ್ವಯಂ ನಿವೃತ್ತಿ.
ಅದರಲ್ಲಿ ಸ್ವಯಂ ಯಾರೋ ಇವತ್ತಿಗೂ ತಿಳಿದಿಲ್ಲ.
ಕೂಗಿಲ್ಲದ ಬೆಳಿಗ್ಗೆ ಐದೂವರೆಗೆ ಎದ್ದು
ಯಾರಿಗೂ ಬೇಡದ ಬಿಸಿನೀರು ಕಾಯಿಸುತ್ತೇನೆ.

ಅವನ ಕೊನೆಯ ಕಾರ್ಡು ತೊಂಬತ್ತೆಂಟರದು. ನಡೆ ನನ್ನದು.
ನನ್ನ ಕಾಲಾಳು ಕೊನೆಯ ಮನೆಗೆ ಒಂದೇ ಹೆಜ್ಜೆ ದೂರ.
೧೨೧೧ ಎಂದರೆ ಮಂತ್ರಿಯಾಗುತ್ತಾನೆ, ಆಟ ಮುಗಿಯುತ್ತದೆ.
ಬರೆದಿದ್ದೇನೆ. ಚೀಟಿ ಅಂಟಿಸಿದ್ದೇನೆ,
ದರ ಏರಿದಾಗಲೆಲ್ಲ ಪಕ್ಕದಲ್ಲಿ ಇನ್ನೊಂದು;
ಈಗ ವಿಳಾಸಕ್ಕೇ ಜಾಗವಿಲ್ಲ.
ಅಂಚೆಡಬ್ಬಿ ಗೇಟಿನ ಎದುರಿಗೇ ಇದೆ.
ಹಾಕಿಲ್ಲ.

ಮೊದಲ ಸಲ ಓದಿದ್ದು ಪೂರ್ತಿ ತಪ್ಪಲ್ಲ, ಅರ್ವಿಡ್ಸ್.